ಈಚೆ ಬೆಟ್ಟದ ಜೀರುಂಡೆ

"ಮೇಡಂ, ಇಳೀಬೇಡಿ! ಮೊದಲು ಇದನ್ನ ನೋಡಿ!" ಮೊದಲೇ ಬಂದು ಕಾಯುತ್ತಿದ್ದ ಶಿಷ್ಯೆ ಇತಾಂದೆವಿ ಗಾಜಿನ ಸೀಸೆಯನ್ನು ಕಾರಿನ ಕಿಟಕಿಯೊಳಗೇ ಚಾಚಿದಳು. ಚಿಯಾಪಾಸ್‌ನ ಬೆಟ್ಟಗಳಿಂದ ವಾಹಾಕಾದ ಈ ಬೆಟ್ಟದ ತವರೂರಿಗೆ ದಿನವಿಡೀ ಕಾರು ಓಡಿಸಿ ಬಂದಿದ್ದ ಕೀಟವಿಜ್ಞಾನಿ ಡಾಕ್ಟರ್ ಸೊಕೊರ್ರೊಗೆ ಇಳಿಯುವ ಶಕ್ತಿಯೂ ಇರಲಿಲ್ಲ. ಕೂತಲ್ಲೇ ಕನ್ನಡಕ ಏರಿಸಿದರು. ಸೀಸೆಯೊಳಗೆ ಕಪ್ಪು ಜೀರುಂಡೆಯೊಂದು ಕಾಲಾಡಿಸುತ್ತಿತ್ತು. ಬೆನ್ನಿನ ಗಟ್ಟಿ ಚಿಪ್ಪಿನ ಮೇಲೆ ಕೆಂಪು ಗೆರೆ.

"ಎಲ್ಲಿ ಸಿಕ್ತು?"

"ಇಲ್ಲೇ! ನಿಮ್ಮಮ್ಮನ ಹಿತ್ತಲಿನ ಓಕ್ ಮರದಲ್ಲಿ!"

ಅದು ಅಲ್ಲಿ ಇರಬಾರದಿತ್ತು. ಈ ಜೀರುಂಡೆಗೆ ಹಾರಲು ಬಾರದು. ಚಿಯಾಪಾಸ್‌ನ ಮಂಜು ಕಾಡು ಬಿಟ್ಟು ಕೆಳಗಿಳಿದರೆ ಎರಡು ಬೆಟ್ಟಸಾಲುಗಳ ನಡುವಿನ ಬಿಸಿಲು ಬಯಲಲ್ಲೇ ಒಣಗಿ ಸಾಯುತ್ತದೆ. ಉತ್ತರ ಅಮೆರಿಕದಿಂದ ಯಾವ ಜೀರುಂಡೆ ಎಲ್ಲಿಯವರೆಗೆ ಇಳಿಯಿತು, ದಕ್ಷಿಣದಿಂದ ಯಾವುದು ಎಲ್ಲಿಯವರೆಗೆ ಏರಿತು ಎಂದು ಸೊಕೊರ್ರೊ ಬಿಡಿಸಿದ ನಕ್ಷೆಗಳೆಲ್ಲ ಆ ಬಯಲನ್ನೇ ನಂಬಿ ನಿಂತಿದ್ದವು. ಈಗ ಅವರ ಶಿಷ್ಯೆಯೇ ಆ ನಕ್ಷೆಯಲ್ಲಿ ಬಯಲಿನ ಈಚೆ ಜೀರುಂಡೆಯ ಹೊಸ ಚುಕ್ಕೆ ಇಡಲು ಹೊರಟಿದ್ದಳು.

"ಮುಂದಿನ ತಿಂಗಳು ಮ್ಯೂಸಿಯಂ ಸಂದರ್ಶನ ಮೇಡಂ. ಇದೊಂದಿದ್ರೆ ಕೆಲಸ ನಂದೇ!"

"ನನ್ನ ನಕ್ಷೆ ಹರಿದು ಕೆಲಸ ತಗೋತೀಯ ಅನ್ನು."

"ಅಯ್ಯೋ, ಹಾಗಲ್ಲ..."

"ತಗೋಳೇ. ನಾನೂ ನಮ್ಮ ಮೇಷ್ಟ್ರುದ್ದು ಹರಿದೇ ಬಂದೋಳು. ಜಗಳಾಡೋಕೆ ಈಗ ನಂಗೆ ತ್ರಾಣ ಇಲ್ಲ. ನಡಿ, ಮರ ತೋರ್ಸು."

ಓಕ್ ಮರದ ಕಾಂಡದ ತುಂಬ ಅನಾನಸಿನಂಥ ಎಲೆಯ, ಕೆಂಪು ಹೂವಿನ ಗಿಡಗಳು ಅಂಟಿಕೊಂಡಿದ್ದವು. ಎಲೆಗಳ ಬುಡದಲ್ಲಿ ನಿಂತ ನೀರನ್ನು ಇತಾಂದೆವಿ ಬೆರಳಿಟ್ಟು ತೋರಿಸಿದಳು. ಅಲ್ಲೇ ಸಿಕ್ಕಿತ್ತು. ಸೊಕೊರ್ರೊ ಒಂದು ಬುಡವನ್ನು ಮೆಲ್ಲನೆ ಎತ್ತಿದರು. ಬೇರುಗಳ ಅಡಿ ಬಟ್ಟೆಯ ಪಟ್ಟಿಯೊಂದು ಹೂತುಹೋಗಿತ್ತು. ಬಣ್ಣ ಹೋಗಿದ್ದರೂ ಗುರುತು ಹತ್ತಿತು, ಅಮ್ಮನ ಹಳೇ ಲಂಗದ ಅಂಚು.

"ಅಮ್ಮಾ! ಇವನ್ನೆಲ್ಲ ಇಲ್ಲಿ ಕಟ್ಟಿದ್ದು ಯಾರು?"

ತಾಯಿ ಯುಲಾಲಿಯಾ ಜೋಳದ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದರು. "ಇನ್ಯಾರು ಕಟ್ತಾರೆ? ಕ್ರಿಸ್ಮಸ್‌ಗೆ ಬಾಲಯೇಸುನ ಮಲಗಿಸೋ ಗೋದಲಿ ಸಿಂಗಾರಕ್ಕೆ ಅಂತ ವರ್ಷಾ ವರ್ಷಾ ನೀನೇ ಆ ಕಾಡಿಂದ ತರ್ತೀಯಲ್ಲ, ಅವೇ ಕಣೇ. ಬಾಲಯೇಸುನ ಎತ್ತಿಟ್ಟ ಮೇಲೆ ಊರೋರೆಲ್ಲ ಬಿಸಾಕ್ತಾರೆ. ಮಗಳು ಅಷ್ಟು ದೂರದಿಂದ ಹೊತ್ತು ತಂದಿದ್ದು, ಜೀವ ಬೇರೆ ಇದೆ, ನಂಗೆ ಮನಸು ಬರಲಿಲ್ಲ. ಎಷ್ಟು ಮರಿ ಹಾಕಿವೆ ನೋಡು! ಮೇಲಿನ ಊರಿನೋರೂ ಕೇಳಿ ಕೇಳಿ ಒಯ್ದಿದಾರೆ."

ಇತಾಂದೆವಿ ಸೀಸೆಯನ್ನು ಎದೆಗೆ ಒತ್ತಿ ಹಿಡಿದಳು. "ಅಂದ್ರೆ... ಇದು ಬಯಲು ದಾಟಿದ್ದು..."

"ನನ್ನ ಕಾರಲ್ಲಿ."

ಹುಡುಗಿ ಸೀಸೆಯನ್ನು ಮೆಲ್ಲನೆ ಕೆಳಗಿಳಿಸಿದಳು. "ಹೋಗ್ಲಿ ಬಿಡಿ. ನಿಮ್ಮ ನಕ್ಷೆನಾದ್ರೂ ಉಳೀತು ಮೇಡಂ."

"ಉಳೀತಾ?" ಸೊಕೊರ್ರೊ ಮರಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂತುಬಿಟ್ಟರು. "ಗೋದಲಿ ಇಡದ ಊರು ಯಾವುದಿದೆ ಹೇಳು. ನನ್ನ ಚುಕ್ಕೆಗಳಲ್ಲಿ ತಾವಾಗೇ ನಡ್ಕೊಂಡು ಬಂದವು ಎಷ್ಟು, ಗಿಡದ ಜೊತೆ ಸಂತೆಗೆ ಬಂದವು ಎಷ್ಟು, ಯಾರನ್ನ ಕೇಳ್ಲಿ ಈಗ?"

"ಅದೇನು ಹುಳದ ಚಿಂತೆನೋ ನಿಮ್ದು," ಎಂದರು ಯುಲಾಲಿಯಾ, ಕೈಯ ಹಿಟ್ಟನ್ನು ಲಂಗಕ್ಕೆ ಒರೆಸಿಕೊಳ್ಳುತ್ತ. "ಏಳೇ ಸೊಕೊ, ತಮಾಲೆ ಕಡುಬು ಬೇಯೋಕೆ ಇಟ್ಟಿದೀನಿ. ಅಷ್ಟರಲ್ಲಿ ಈ ಸಲದ ಗಿಡ ಇಳಿಸು. ಡಿಕ್ಕಿಯೊಳಗೆ ಬಾಡಿರ್ತವೆ ಪಾಪ, ನೀರು ಹಾಕ್ತೀನಿ."

ಇತಾಂದೆವಿ ಕಾರಿನತ್ತ ತಿರುಗಿದಳು. ಸೊಕೊರ್ರೊ ಜೇಬಿನೊಳಗೆ ಕೈ ಹಾಕಿದರು. ಬೀಗದ ಕೈ ಸಿಕ್ಕಿತು; ಕೈ ಮಾತ್ರ ಹೊರಗೆ ಬರಲಿಲ್ಲ.