ದೊಡ್ಡ ಕೋರ್ಟಿನ ದನಿ

ತಾಲ್ಲೂಕು ಕೋರ್ಟಿನ ಜಡ್ಜ್ ಯಂತ್ರ ಫಕೀರವ್ವನ ಸಾಕ್ಷಿಗಳನ್ನು ಕೇಳಿರಲೇ ಇಲ್ಲ. ತನ್ನ ಮೇಲಿನ ಕಳ್ಳತನದ ಕೇಸನ್ನು ಅದರ ಕೈಯಿಂದ ತಪ್ಪಿಸಿ ಎಂದು ಅವಳು ರಾಜಧಾನಿಯ ದೊಡ್ಡ ಕೋರ್ಟಿಗೆ ಅರ್ಜಿ ಹಾಕಿದ್ದಳು. ವಕೀಲರನ್ನು ನಂಬದೆ, ವಾದಿಸಲು ತಾನೇ ಬಂದಿದ್ದಳು. ದೊಡ್ಡ ಕೋರ್ಟೆಂದರೆ ಅವಳ ಊರಿನ ಬಸ್‌ಸ್ಟ್ಯಾಂಡಿನ ಮೂಲೆಯ, ರಾಜಧಾನಿಯ ಜಡ್ಜ್ ಯಂತ್ರದ ದನಿ ಕೇಳಿಸುವ ಗಾಜಿನ ಗೂಡು.

"ಇದು ಬ್ಯಾರೆ ಜಡ್ಜ್ ಹೌದಲ್ರೀ?" ಎಂದು ಗೂಡಿನ ಗುಮಾಸ್ತನನ್ನು ಮೂರನೇ ಸಲ ಕೇಳಿದಳು.

"ಬ್ಯಾರೆನ ಬೇ ಯವ್ವಾ. ಇದಕ್ಕ ಅದರ ಗುರ್ತನೂ ಇಲ್ಲ."

ಒಳಗೆ ಹೋಗಿ ಕೈಮುಗಿದು ನಿಂತಳು. ಮೇಲಿನಿಂದ ಮೃದುವಾದ ಹೊಸ ದನಿಯೊಂದು ಕೇಳಿಸಿತು.

"ನಿಲ್ಲಬೇಡಿ ತಾಯಿ. ಎಡ ಮೊಣಕಾಲು ನೋವಲ್ಲವೆ? ಕುಳಿತುಕೊಳ್ಳಿ."

ಫಕೀರವ್ವನಿಗೆ ಮೊಣಕಾಲು ನೋವಿರಲಿಲ್ಲ. ಕೇಸಿನ ಕಾಗದದಲ್ಲೆಲ್ಲೂ ಇಲ್ಲದ ಆ ಸುಳ್ಳನ್ನು ಅವಳು ಬೇಕೆಂದೇ ತಾಲ್ಲೂಕಿನ ಯಂತ್ರಕ್ಕೆ ಮಾತ್ರ ಹೇಳಿದ್ದಳು.