ಮೂರು ಬದುಗಳ ನಡುವೆ

ತುಕ್ಕು ಹಿಡಿದ ಕೈವಾರದ ವಾಸನೆ ಈಗಲೂ ನನ್ನನ್ನು ಬೇಡಕಿಹಾಳದ ನಮ್ಮ ಪಡಸಾಲೆಗೆ ಎಳೆದೊಯ್ಯುತ್ತದೆ.

ಆ ಕೈವಾರವಿದ್ದ ಕಂಪಾಸ್ ಪೆಟ್ಟಿಗೆ ಮೊದಲು ಅತ್ತೆಯದಾಗಿತ್ತು. ಅಪ್ಪನ ತಂಗಿಯಾದ ಆಕೆಯನ್ನು ನಾನು ನೋಡಿಯೇ ಇರಲಿಲ್ಲ. ದೂರದ ಊರಿಗೆ ಮದುವೆ ಮಾಡಿ ಕೊಟ್ಟಿದ್ದೇವೆ ಎಂದು ಮನೆಯಲ್ಲಿ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಶಾಲೆಯ ರೇಖಾಗಣಿತಕ್ಕೆಂದು ನಮ್ಮ ಮೂರು ಮೂಲೆಯ ಕಬ್ಬಿನ ಹೊಲವನ್ನೇ ಹಾಳೆಯ ಮೇಲೆ ತ್ರಿಭುಜವಾಗಿ ಬರೆದೆ. ಮೂರೂ ಕೋನಗಳನ್ನು ಅರ್ಧ ಮಾಡಿದ ಗೆರೆಗಳು ಒಂದೇ ಚುಕ್ಕೆಯಲ್ಲಿ ಕೂಡಿದವು. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಬಗ್ಗಿ ನೋಡಿದಳು.

“ಇದೇನ ಬೇ?”

“ಅಂತಃಕೇಂದ್ರ, ಆಯಿ. ಮೂರೂ ಬದುವಿನಿಂದ ಅಷ್ಟಷ್ಟೇ ದೂರ. ಹೊಲದಾಗ ಇದಕ್ಕಿಂತ ಒಳಗಿನ ಜಾಗಾನ ಇಲ್ಲ.”

ಅಜ್ಜಿಯ ಕೈ ನಿಂತಿತು. “ಹೌದವ್ವಾ. ನಿಮ್ಮ ಮುತ್ಯಾನೂ ಹಂಗ ಅಂದಿದ್ದ. ರಸ್ತಾದಾಗ ನಿಂತ್ರೂ, ಹಳ್ಳದಾಗ ನಿಂತ್ರೂ, ಆಚಿ ಹೊಲದಾಗ ನಿಂತ್ರೂ ಯಾರಿಗೂ ಕಾಣೂದಿಲ್ಲ ಅಂತ.”

ಅಜ್ಜ ಏನು ಕಾಣುವುದಿಲ್ಲ ಎಂದಿದ್ದ ಎಂದು ನಾನು ಕೇಳಲಿಲ್ಲ. ಒಳಗೆ ವೃತ್ತ ಎಳೆಯುವ ಅವಸರದಲ್ಲಿ ಕೈವಾರದ ಮುಳ್ಳನ್ನು ಆ ಚುಕ್ಕೆಯ ಮೇಲೆ ಒತ್ತಲು ಹೋದೆ. ಅಜ್ಜಿ ತಟ್ಟನೆ ಹಾಳೆಯ ಮೇಲೆ ಕೈ ಇಟ್ಟಳು. ಮುಳ್ಳು ಆಕೆಯ ಕೈಗೇ ನಾಟಿತು. ಆಕೆ ಕೈ ತೆಗೆಯಲಿಲ್ಲ.

“ಅಲ್ಲಿ ಚುಚ್ಚಬ್ಯಾಡವ್ವಾ,” ಎಂದಳು. “ನಿಮ್ಮತ್ತಿ ಅದಾಳ.”