ಶುಕ್ರವಾರದ ಎರಡು ತಟ್ಟು

ಪರದೆಯ ಮೇಲಿನ ಹಸಿರು ಗೆರೆ ಮತ್ತೆ ಜಿಗಿಯಿತು. ಕೊರೀನ್ ಸರಕ್ಕನೆ ತಿರುಗಿದಳು. ಶುಕ್ರವಾರದ ಕಾಫಿಗೆಂದು ಬಂದ ಅವಳ ಹಳೆಯ ಮೇಷ್ಟ್ರು ಫೆರ್ನಾಂ ಜಾಕೊ ಬ್ರೆಡ್ಡಿನ ಪೊಟ್ಟಣವನ್ನು ಕಂಕುಳಲ್ಲಿ ಒತ್ತಿಕೊಂಡು, ಅವಳ ಗಡಿಯಾರದ ಪೆಟ್ಟಿಗೆಗೆ ಬೆರಳಿನಿಂದ ಟಕ್ ಟಕ್ ಎಂದು ಎರಡು ಸಲ ತಟ್ಟಿ, ಕಿವಿಗೊಟ್ಟು ನಿಂತಿದ್ದರು.

ನೂಶಾಟೆಲ್ ಊರಿನ ಹಳೆಯ ಗಡಿಯಾರ ಮಾಡುವವರ ಚಾಳಿ ಅದು. ತಟ್ಟಿ, ಟಿಕ್ ಕೇಳಿದರೇ ಸಮಾಧಾನ. ಈ ಪೆಟ್ಟಿಗೆಯಲ್ಲಿ ಟಿಕ್ ಎಲ್ಲಿಂದ ಬರಬೇಕು? ಒಳಗಿರುವುದು ಕಡಲೆಕಾಳಿನಷ್ಟು ಲೇಸರು, ಒಂದಿಷ್ಟು ರುಬಿಡಿಯಂ ಆವಿ. ಲೇಸರಿನ ಬಣ್ಣ ಆ ಆವಿಗೆ ಒಪ್ಪುವ ಜಾಗದಲ್ಲೇ ಅಲ್ಲಾಡದೆ ಹತ್ತು ದಿನ ನಿಂತರೆ ಗಡಿಯಾರಕ್ಕೆ ಉಪಗ್ರಹದಲ್ಲಿ ಜಾಗ. ಇಲ್ಲದಿದ್ದರೆ ಕೊರೀನಳ ಆರು ವರ್ಷದ ಕೆಲಸ ಕಪಾಟು ಸೇರುತ್ತದೆ. ಆ ಬಣ್ಣ ತೋರಿಸುವ ಹಸಿರು ಗೆರೆಯೋ, ಮೂರು ವಾರದಿಂದ ಪ್ರತಿ ಶುಕ್ರವಾರ ಹತ್ತು ಗಂಟೆಯ ಕಾಫಿ ಹೊತ್ತಿಗೇ ಜಿಗಿಯುತ್ತಿತ್ತು. ಎಲ್ಲಿಂದಲೋ ಅಲುಗಾಟ ಬರುತ್ತಿದೆಯೆಂದು ಅವಳು ರೈಲನ್ನು ಬೈದಳು, ಲಿಫ್ಟನ್ನು ಬೈದಳು, ಕಾಫಿ ಯಂತ್ರವನ್ನೂ ಬಿಡಲಿಲ್ಲ.

"ಅಯ್ಯೋ ಮೇಷ್ಟ್ರೇ, ನೀವಾ!"

ಜಾಕೊ ಪರದೆ ನೋಡಿದರು. ಮುಖ ಬಾಡಿತು. ಉಸಿರು ಬಿಗಿಹಿಡಿದು ಬೆಸುಗೆ ಹಾಕುವುದನ್ನು ಅವಳಿಗೆ ಕಲಿಸಿದ ಕೈ ಮೆಲ್ಲಗೆ ಜೇಬಿಗಿಳಿಯಿತು. "ಮೂರು ವಾರ ನಿನ್ ಹೊಟ್ಟೆ ಮೇಲೆ ಹೊಡ್ದೆ ನೋಡು. ಇನ್ಮೇಲೆ ಈ ಕಡೆ ತಲೆ ಹಾಕಲ್ಲ ಕಣಮ್ಮಾ."

ಸದ್ಯ, ಕಾರಣ ಸಿಕ್ಕಿತಲ್ಲ ಎಂದುಕೊಂಡಳು ಕೊರೀನ್. ಅವರು ಬಾಗಿಲಿಗೆ ಹೋಗುವಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ಬೆರಳು ತಟ್ಟಿದ್ದಕ್ಕೇ ಹೀಗಾದರೆ, ರಾಕೆಟ್ಟಿನ ಅದುರಾಟ ಸುಮ್ಮನೆ ಬಿಟ್ಟೀತೇ?

"ನಿಲ್ಲಿ ಮೇಷ್ಟ್ರೇ!"

ಪೆಟ್ಟಿಗೆ ಬಿಚ್ಚಿದಳು. ಲೇಸರಿನ ಮುಂದಿನ ಪುಟ್ಟ ಮಸೂರಕ್ಕೆ ನಾಲ್ಕು ಮೂಲೆಯಲ್ಲಿ ಅಂಟು. ಒಂದು ಮೂಲೆ ಒಣಗದೆ ಇನ್ನೂ ಹಸಿ; ತಟ್ಟಿದಾಗೆಲ್ಲ ಮಸೂರ ಸರಿಯುತ್ತಿತ್ತು.

"ಇದು ಹೀಗೇ ಆಕಾಶಕ್ಕೆ ಹೋಗಿದ್ರೆ, ಅಲ್ಲಿಗೋಗಿ ಯಾರು ಸರಿ ಮಾಡ್ತಿದ್ರು?"

"ನಾನಂತೂ ಅಲ್ಲ. ನಂಗೆ ಮಂಡಿ ನೋವು," ಎಂದರು ಜಾಕೊ.

ಇಬ್ಬರೂ ನಕ್ಕರು. "ನೀವು ನನ್ನನ್ನ ಉಳಿಸಿದ್ರಿ ಮೇಷ್ಟ್ರೇ," ಎಂದಳು.

ಹೊಸ ಅಂಟು ಹಾಕಿ ಸೋಮವಾರ ಮತ್ತೆ ಹತ್ತು ದಿನದ ಲೆಕ್ಕ ಶುರು. ಶುಕ್ರವಾರ ಜಾಕೊ ಬಂದು ಬಾಗಿಲಲ್ಲೇ ನಿಂತರು, ಕೈ ಜೇಬಿನಲ್ಲಿ.

"ತಟ್ಟಿ," ಎಂದಳು ಕೊರೀನ್.

"ತಲೆ ಕೆಟ್ಟಿದ್ಯಾ? ಐದು ದಿನ ನಿಂತಿದೆ!"

"ನೀವು ತಟ್ಟದೆ ಇದು ಮೇಲೆ ಹೋಗಲ್ಲ." ಅವರ ಕೈಯನ್ನು ಅವಳೇ ಪೆಟ್ಟಿಗೆಯ ಬಳಿಗೆ ಎಳೆದು ತಂದಳು. ಟಕ್ ಟಕ್. ಗೆರೆ ಮಿಸುಕಲಿಲ್ಲ.

ಹತ್ತನೆಯ ದಿನವೂ ಅದು ನೆಟ್ಟಗಿತ್ತು. ಕೊರೀನ್ ವರದಿ ತುಂಬಲು ಕುಳಿತಳು. 'ಅಲುಗಾಟದ ಪರೀಕ್ಷೆಗೆ ಬಳಸಿದ ಉಪಕರಣ' ಎಂಬಲ್ಲಿ ಮೊದಲ ಸಾಲಿನಲ್ಲೇ ಬರೆದಳು: ಫೆರ್ನಾಂ ಜಾಕೊ ಅವರ ಬಲಗೈ ತೋರುಬೆರಳು.